ಮೆದುಳಿನ ರಕ್ತಸ್ರಾವ: ಮೊದಲ ಗಂಟೆಗಳು ನಮ್ಮ ಕೈಯಲ್ಲಿವೆ



ನಮ್ಮ ಶಿಕಾರಿಪುರ, ಸೊರಬ ತಾಲ್ಲೂಕುಗಳಲ್ಲಿ ಯಾರಿಗಾದರೂ ಇದ್ದಕ್ಕಿದ್ದಂತೆ ಬಾಯಿ ಸೊಟ್ಟಗಾಗಿ, ಒಂದು ಬದಿಯ ಕೈಕಾಲು ಬಿದ್ದುಹೋದರೆ ‘ಲಕ್ವ ಹೊಡೀತು’ ಎನ್ನುತ್ತೇವೆ. ಆಮೇಲೆ ನಡೆಯುವುದು ಬಹುತೇಕ ಎಲ್ಲ ಮನೆಗಳಲ್ಲೂ ಒಂದೇ. ಒಬ್ಬರು ನೀರು ಕುಡಿಸಲು ನೋಡುತ್ತಾರೆ, ಇನ್ನೊಬ್ಬರು ಅಂಗಾಲು ತಿಕ್ಕುತ್ತಾರೆ, ಮತ್ತೊಬ್ಬರು ಲಕ್ವಕ್ಕೆ ನಾಟಿ ಔಷಧಿ ಕೊಡುವವರ ನಂಬರಿಗಾಗಿ ಹತ್ತು ಕಡೆ ಫೋನ್ ಹಚ್ಚುತ್ತಾರೆ. ಪಾರಿವಾಳದ ರಕ್ತ ಹಚ್ಚಿದರೆ ಸರಿಹೋಗುತ್ತದೆಂದು ಪಾರಿವಾಳ ಹುಡುಕುತ್ತ ಹೊರಟವರೂ ಇದ್ದಾರೆ. ಬೆಳಗಾಗಲಿ ನೋಡೋಣ ಎಂದು ಮಲಗಿಸುವ ಮನೆಗಳಂತೂ ಬೇಕಾದಷ್ಟು. ಇದೆಲ್ಲ ಪ್ರೀತಿಯಿಂದಲೇ ನಡೆಯುತ್ತದೆ. ಆದರೆ ಅಷ್ಟರಲ್ಲಿ ರೋಗಿಯ ಪಾಲಿನ ಅತಿ ಮುಖ್ಯ ಗಂಟೆಗಳು ಮುಗಿದಿರುತ್ತವೆ. ಆ ಗಂಟೆಗಳ ಬಗ್ಗೆಯೇ ಈ ಮನವಿ.

ಲಕ್ವದ ಮೂಲ ಕೈಕಾಲಿನಲ್ಲಿಲ್ಲ, ಮೆದುಳಿನಲ್ಲಿದೆ. ಹೆಚ್ಚಿನವರಲ್ಲಿ ಮೆದುಳಿಗೆ ರಕ್ತ ಒಯ್ಯುವ ನಾಳ ಕಟ್ಟಿಕೊಂಡಿರುತ್ತದೆ. ಉಳಿದವರಲ್ಲಿ ನಾಳ ಒಡೆದು ರಕ್ತ ಮೆದುಳಿನೊಳಗೇ ಸುರಿದಿರುತ್ತದೆ. ತಲೆಗೆ ಪೆಟ್ಟು ಬಿದ್ದಿರುವುದಿಲ್ಲ, ಎಲ್ಲೂ ಜಾರಿರುವುದಿಲ್ಲ. ಹೆಚ್ಚಾಗಿ, ವರ್ಷಗಟ್ಟಲೆ ಏರಿಯೇ ಇದ್ದ ಬಿಪಿಯ ಒತ್ತಡಕ್ಕೆ ಮೆದುಳಿನ ಆಳದ ಸಣ್ಣ ನಾಳವೊಂದು ಬಾಯಿಬಿಟ್ಟಿರುತ್ತದೆ. ಈ ಎರಡನೆಯ ಬಗೆ ಬರುವುದು ಕಡಿಮೆ ಜನರಿಗೆ; ಆದರೆ ಬಂದವರಲ್ಲಿ ಬಲಿಯಾಗುವವರು ಬಹಳ.

ನಾಳ ಒಡೆಯಿತು, ರಕ್ತ ಚೆಲ್ಲಿತು, ಆಗಬೇಕಾದ್ದು ಆಗಿಹೋಯಿತು, ಇನ್ನು ಅವಸರ ಮಾಡಿ ಏನು ಪ್ರಯೋಜನ ಎಂದು ನಮ್ಮಲ್ಲಿ ಅನೇಕರು ತಿಳಿದಿದ್ದಾರೆ. ಈ ತಿಳಿವಳಿಕೆಯೇ ಜೀವ ತೆಗೆಯುತ್ತಿದೆ. ಅನೇಕರಲ್ಲಿ ರಕ್ತ ಒಮ್ಮೆ ಚೆಲ್ಲಿ ನಿಲ್ಲುವುದಿಲ್ಲ. ಒಡೆದ ನಾಳ ಸೋರುತ್ತಲೇ ಇರಬಹುದು. ತುಂಬಿಕೊಂಡ ರಕ್ತ ಪಕ್ಕದ ಸಣ್ಣ ನಾಳಗಳನ್ನು ಜಗ್ಗಿ ಹರಿದರೆ ಅವೂ ಸೋರತೊಡಗುತ್ತವೆ. ಅಮೆರಿಕದ ಸಿನ್ಸಿನಾಟಿಯ ವೈದ್ಯರು 1997ರಲ್ಲಿ ಇದನ್ನು ಅಳೆದು ತೋರಿಸಿದರು. ಕಾಯಿಲೆ ಶುರುವಾಗಿ 3 ಗಂಟೆಯೊಳಗೆ ಬಂದ 103 ರೋಗಿಗಳಿಗೆ ಸ್ಕ್ಯಾನ್ ಮಾಡಿ, ಒಂದು ಗಂಟೆ ಬಿಟ್ಟು ಮತ್ತೆ ಮಾಡಿದರು. ಅಷ್ಟರಲ್ಲೇ ನೂರಕ್ಕೆ 26 ಮಂದಿಯಲ್ಲಿ ರಕ್ತದ ಗಡ್ಡೆ ಗಣನೀಯವಾಗಿ ದೊಡ್ಡದಾಗಿತ್ತು. ಮರುದಿನದ ಹೊತ್ತಿಗೆ ಆ ಸಂಖ್ಯೆ 38 ಆಯಿತು.

ಒಂದು ಗಂಟೆ ಎಂದರೆ ಶಿಕಾರಿಪುರದಿಂದ ಸವಳಂಗ ದಾಟಿ ಶಿವಮೊಗ್ಗ ಸೇರುವ ಹೊತ್ತು. ಸೊರಬದಿಂದ ಹೊರಟರೆ ಎರಡು ಗಂಟೆ ಹಿಡಿಯುತ್ತದೆ. ಜಡೆ, ಚಂದ್ರಗುತ್ತಿ, ಉಳವಿ ಕಡೆಯ ಒಳಹಳ್ಳಿಗಳಾದರೆ ಡಾಂಬರು ರಸ್ತೆಗೆ ಬರುವುದಕ್ಕೇ ಅರ್ಧ ಗಂಟೆ ಬೇಕು. ದೊಡ್ಡ ಊರಿನವರು ಆಸ್ಪತ್ರೆಯ ಹಾಸಿಗೆಯ ಮೇಲೆ ಕಳೆಯುವ ಗಂಟೆಯನ್ನು ನಮ್ಮವರು ವಾಹನದ ಹಿಂದಿನ ಸೀಟಿನಲ್ಲಿ ಕಳೆಯುತ್ತಾರೆ. ದಾರಿಯ ಉದ್ದವನ್ನು ನಾವು ಕುಗ್ಗಿಸಲಾರೆವು. ಮನೆಯಲ್ಲಿ, ಜಗಲಿಯಲ್ಲಿ, ನಾಟಿ ಔಷಧಿಯವರ ಬಾಗಿಲಲ್ಲಿ ಕಳೆಯುವ ಹೊತ್ತನ್ನು ಖಂಡಿತ ಕುಗ್ಗಿಸಬಹುದು.

ಚೆಲ್ಲುವ ರಕ್ತದ ಪ್ರಮಾಣ ಕೇಳಿದರೆ ಆಶ್ಚರ್ಯವಾದೀತು. 30 ಎಂ.ಎಲ್. ಮುಟ್ಟಿತೆಂದರೆ ವೈದ್ಯರು ಅದನ್ನು ದೊಡ್ಡ ರಕ್ತಸ್ರಾವ ಎಂದೇ ಎಣಿಸುತ್ತಾರೆ. ಕೆಮ್ಮಿನ ಸಿರಪ್ಪಿನ ಎರಡು ಮೂರು ಮುಚ್ಚಳದಷ್ಟು, ಅಷ್ಟೆ. ಬುರುಡೆಯೊಳಗೆ ಜಾಗವೇ ಇಲ್ಲದ ಕಡೆ ಅಷ್ಟು ರಕ್ತ ಕೂತರೆ ಮೆದುಳು ಎಲ್ಲಿಗೆ ಸರಿಯಬೇಕು? ಅದಕ್ಕೇ 10 ಎಂ.ಎಲ್.ನಲ್ಲಿ ನಿಂತವರಿಗೂ 30 ಮುಟ್ಟಿದವರಿಗೂ ಬದುಕಿನಲ್ಲೇ ವ್ಯತ್ಯಾಸ. ಒಬ್ಬರು ಕೋಲು ಹಿಡಿದಾದರೂ ತೋಟಕ್ಕೆ ಹೋಗಿ ಬರಬಹುದು. ಇನ್ನೊಬ್ಬರು ಕಣ್ಣೇ ಬಿಡದಿರಬಹುದು.

ಹಾಗಾದರೆ ಯಾರಲ್ಲಿ ಈ ರಕ್ತಸ್ರಾವ ಹಿಗ್ಗುತ್ತಾ ಹೋಗುತ್ತದೆ? 5,435 ರೋಗಿಗಳ ವಿವರಗಳನ್ನು ಒಟ್ಟುಹಾಕಿ 2018ರಲ್ಲಿ ‘ಲ್ಯಾನ್ಸೆಟ್ ನ್ಯೂರಾಲಜಿ’ಯಲ್ಲಿ ಪ್ರಕಟಿಸಿದ ಅಧ್ಯಯನವೊಂದು ನಾಲ್ಕು ಸಂಗತಿಗಳನ್ನು ಎತ್ತಿ ಹೇಳಿತು: ಕಾಯಿಲೆ ಶುರುವಾಗಿ ಎಷ್ಟು ಹೊತ್ತಾಗಿದೆ, ಮೊದಲ ಸ್ಕ್ಯಾನಿನಲ್ಲಿ ಎಷ್ಟು ರಕ್ತ ಇದೆ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೇ, ಆಸ್ಪಿರಿನ್ ಬಗೆಯ ಮಾತ್ರೆ ತೆಗೆದುಕೊಳ್ಳುತ್ತಿದ್ದರೇ. ಇವುಗಳ ಜೊತೆಗೆ ಏರಿಯೇ ಇರುವ ಬಿಪಿ, ಕುಡಿತದಿಂದ ಕೆಟ್ಟ ಲಿವರ್, ಇಳಿದುಹೋದ ಪ್ಲೇಟ್‌ಲೆಟ್‌ಗಳನ್ನೂ (ರಕ್ತ ಹೆಪ್ಪುಗಟ್ಟಲು ನೆರವಾಗುವ ಕಣಗಳು) ವೈದ್ಯರು ಗಮನದಲ್ಲಿಟ್ಟುಕೊಳ್ಳುತ್ತಾರೆ.

ಮೊದಲನೆಯದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಆಸ್ಪತ್ರೆಗಳಲ್ಲಿ ಜಗಳಗಳಾಗುವುದು ಇಲ್ಲೇ. ಬೇಗ ಬಂದವರಲ್ಲೇ ರಕ್ತ ಮುಂದೆ ಹಿಗ್ಗುವ ಸಂಭವ ಹೆಚ್ಚು, ಏಕೆಂದರೆ ಅವರಲ್ಲಿ ಸೋರಿಕೆ ಇನ್ನೂ ನಡೆಯುತ್ತಿರುತ್ತದೆ. ‘ಸ್ಕ್ಯಾನಲ್ಲಿ ಚಿಕ್ಕದೇ ಇದೆ ಅಂದ್ರಲ್ಲ, ಮಾತಾಡ್ತಾನೇ ಇದ್ರಲ್ಲ, ಈಗ ನೋಡಿದ್ರೆ ಎಚ್ಚರಾನೇ ಇಲ್ಲ, ಏನು ಮಾಡಿದ್ರಿ ನೀವು’ ಎಂದು ಮನೆಯವರು ಡಾಕ್ಟರ ಮೇಲೆ ಏರಿಹೋಗುತ್ತಾರೆ. ದಯವಿಟ್ಟು ತಿಳಿದುಕೊಳ್ಳಿ, ಚಿಕ್ಕದು ದೊಡ್ಡದಾಗುವುದು ಈ ಕಾಯಿಲೆಯ ಗುಣ. ಬೇಗ ಬಂದವರ ರಕ್ತಸ್ರಾವವನ್ನು ಚಿಕ್ಕದಿರುವಾಗಲೇ ತಡೆಯಲು ಅವಕಾಶವಿದೆ. ತಡವಾಗಿ ಬಂದವರಲ್ಲಿ ಅದು ಆಗಲೇ ಬೆಳೆದು ನಿಂತಿರುತ್ತದೆ. ಆದ್ದರಿಂದ ಮೊದಲ ಸ್ಕ್ಯಾನ್ ನೋಡಿ ನಿರಾಳರಾಗಿ ಅರ್ಧ ದಾರಿಯಿಂದ ಮನೆಗೆ ಕರೆತರಬೇಡಿ. ವೈದ್ಯರು ಎರಡನೇ ಸ್ಕ್ಯಾನ್ ಬೇಕೆಂದರೆ ದುಡ್ಡಿನ ಆಸೆಗೆ ಹೇಳುತ್ತಿದ್ದಾರೆಂದು ಶಂಕಿಸಬೇಡಿ.

ಇನ್ನು ಮಾತ್ರೆಗಳ ವಿಷಯ. ರಾತ್ರಿ ಹೊತ್ತು ತುರ್ತು ಚಿಕಿತ್ಸಾ ಕೊಠಡಿಯಲ್ಲಿ ನಿಂತು ನೋಡಿದವರಿಗೆ ಈ ಮಾತುಕತೆ ಗೊತ್ತಿರುತ್ತದೆ.

‘ಏನು ಮಾತ್ರೆ ತಗೋತಿದ್ರು?’

‘ಹಾರ್ಟಿಂದು ಒಂದಿತ್ತು ಸಾರ್. ಸಣ್ಣದು. ಬೆಳ್ಳಗೆ.’

‘ಹೆಸರು?’

ಮಗ ತಮ್ಮನಿಗೆ ಫೋನ್ ಮಾಡುತ್ತಾನೆ. ತಮ್ಮ ಅತ್ತಿಗೆಗೆ ಕೇಳುತ್ತಾನೆ. ಅತ್ತಿಗೆ ದೇವರ ಗೂಡಿನ ಪಕ್ಕ ಮೊಳೆಗೆ ನೇತುಹಾಕಿದ ಪ್ಲಾಸ್ಟಿಕ್ ಕವರ್ ಬಿಚ್ಚಿ ನೋಡುತ್ತಾಳೆ. ಅದರಲ್ಲಿ ಕತ್ತರಿಸಿದ ಸ್ಟ್ರಿಪ್ಪುಗಳು. ಅಂಗಡಿಯಲ್ಲಿ ಐದೈದು ಮಾತ್ರೆ ಕೊಂಡಿದ್ದರಿಂದ ಹೆಸರಿದ್ದ ಭಾಗ ಅಂಗಡಿಯಲ್ಲೇ ಉಳಿದಿದೆ. ಕೈಗೆ ಬಂದ ತುಂಡಿನಲ್ಲಿ ಬೆಳ್ಳಿ ಹಾಳೆಯ ಮೇಲೆ ಕೊನೆಯ ಎರಡು ಅಕ್ಷರ ಮಾತ್ರ. ಇಕೋಸ್ಪ್ರಿನ್ನೋ, ಕ್ಲೋಪಿಡೋಗ್ರೆಲ್ಲೋ, ಅಸಿಟ್ರಾಮ್ಮೋ ಯಾರಿಗೆ ಗೊತ್ತು?

ಈ ಮೂರರ ನಡುವೆ ದೊಡ್ಡ ಅಂತರವಿದೆ. ಹೃದಯದ ಕವಾಟ ಬದಲಿಸಿಕೊಂಡವರು ಅಸಿಟ್ರಾಮ್ ಅಥವಾ ವಾರ್ಫರಿನ್ ತೆಗೆದುಕೊಳ್ಳುತ್ತಿರುತ್ತಾರೆ. ಅಂಥವರಿಗೆ ಮೆದುಳಿನಲ್ಲಿ ರಕ್ತ ಸೋರಿದರೆ ಆ ಮಾತ್ರೆಯ ಪ್ರಭಾವವನ್ನು ಕೂಡಲೇ ಇಳಿಸಬೇಕು. ಐಎನ್‌ಆರ್ ಎಂಬ ರಕ್ತಪರೀಕ್ಷೆ ಮಾಡಿ, ವಿಟಮಿನ್ ಕೆ ಇಂಜೆಕ್ಷನ್ ಕೊಡುತ್ತಾರೆ.  ಆದರೆ ಅದೊಂದೇ ಕೆಲಸ ಶುರುಮಾಡಲು ಹಲವು ಗಂಟೆ ಹಿಡಿಯುವುದರಿಂದ, ಜೊತೆಗೆ ಹೆಪ್ಪುಗಟ್ಟಿಸುವ ಅಂಶಗಳ ಸಾಂದ್ರ ಇಂಜೆಕ್ಷನ್ನನ್ನೋ ಪ್ಲಾಸ್ಮಾವನ್ನೋ ಕೊಡಬೇಕಾಗುತ್ತದೆ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಇನ್ನೊಂದು ಮಾತ್ರೆಯಾದ ಡಾಬಿಗಾಟ್ರಾನ್‌ಗೆ ಬೇರೆಯದೇ ಪ್ರತಿಔಷಧವಿದೆ. ಆಸ್ಪಿರಿನ್ ತೆಗೆದುಕೊಂಡವರಿಗೆ ದಾರಿ ಇನ್ನೊಂದು. ಮಾತ್ರೆಯ ಹೆಸರೇ ಗೊತ್ತಿಲ್ಲದೆ ಇವುಗಳಲ್ಲಿ ಯಾವುದನ್ನು ಶುರುಮಾಡುವುದು?

ಇದಕ್ಕೆ ಪರಿಹಾರ ಒಂದು ನಿಮಿಷದ ಕೆಲಸ. ಇವತ್ತು ಸಂಜೆ ಮನೆಯ ಹಿರಿಯರ ಮಾತ್ರೆಗಳನ್ನು ಹೆಸರು ಕಾಣುವಂತೆ ಹರಡಿ ಮೊಬೈಲಿನಲ್ಲಿ ಫೋಟೊ ತೆಗೆಯಿರಿ. ಬೆಂಗಳೂರಿನಲ್ಲಿರುವ ಮಗನಿಗೂ, ಪಕ್ಕದ ಮನೆಯವರಿಗೂ ಕಳಿಸಿಡಿ. ಔಷಧಿ ಅಂಗಡಿಯವರಲ್ಲೂ ಒಂದು ಕೋರಿಕೆ: ಸ್ಟ್ರಿಪ್ ಕತ್ತರಿಸಿ ಕೊಡುವಾಗ ಮಾತ್ರೆಯ ಹೆಸರನ್ನು ಕವರಿನ ಮೇಲೆ ಪೆನ್ನಿನಲ್ಲಿ ಬರೆದು ಕೊಡಿ.

ಇದನ್ನು ಓದಿ ಹೆದರಿ ಯಾರೂ ಹೃದಯದ ಮಾತ್ರೆಯನ್ನು ತಾವಾಗಿಯೇ ನಿಲ್ಲಿಸಬಾರದು. ಅವು ನಿಮ್ಮನ್ನು ಬದುಕಿಸಿಟ್ಟಿರುವ ಮಾತ್ರೆಗಳು. ಅಸಿಟ್ರಾಮ್ ತೆಗೆದುಕೊಳ್ಳುವವರು ಹೇಳಿದ ದಿನ ಐಎನ್‌ಆರ್ ಮಾಡಿಸಿ, ಬಿಪಿ ಹಿಡಿತದಲ್ಲಿಟ್ಟುಕೊಂಡರೆ ಸಾಕು.

ಪ್ಲೇಟ್‌ಲೆಟ್ ಎಂಬ ಮಾತು ಸೊರಬದವರಿಗೆ ಹೊಸದಲ್ಲ. ನಮ್ಮ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಗುರುತಿಸಿದ ಮಂಗನ ಕಾಯಿಲೆ ಪ್ಲೇಟ್‌ಲೆಟ್ ಇಳಿಸಿ, ವಸಡಿನಿಂದ, ಮೂಗಿನಿಂದ ರಕ್ತ ಬರಿಸುತ್ತದೆ. ಡೆಂಗಿಯೂ ಹಾಗೆಯೇ. ಇಂಥ ಜ್ವರದಲ್ಲಿ ಮೈಕೈ ನೋವೆಂದು ಅಂಗಡಿಯಿಂದ ಆಸ್ಪಿರಿನ್, ಡೈಕ್ಲೋಫೆನಾಕ್ ತಂದು ನುಂಗಬೇಡಿ. ನೋವಿನ ಮಾತ್ರೆಗಳನ್ನು ದಿನಾ ನುಂಗಿದರೆ ಬಿಪಿಯೂ ಏರುತ್ತದೆ. ಅಡಿಕೆ ಕೊಯ್ಲಿನ, ಶುಂಠಿ ಕೀಳುವ ದಿನಗಳಲ್ಲಿ ಕೂಲಿಗೆ ಹೋಗುವವರು ಸಂಜೆ ಒಂದು ನೋವಿನ ಮಾತ್ರೆ ಎಂಬ ಅಭ್ಯಾಸಕ್ಕೆ ಬಿದ್ದಿರುವುದರಿಂದ ಇದನ್ನು ಒತ್ತಿ ಹೇಳುತ್ತಿದ್ದೇನೆ.

ಹಾಗಾದರೆ ಆ ಹೊತ್ತಿನಲ್ಲಿ ಮಾಡಬೇಕಾದ್ದೇನು? ಮುಖ ಸೊಟ್ಟಗಾಯಿತು, ಕೈ ಎತ್ತಲಾಗುತ್ತಿಲ್ಲ, ಮಾತು ತೊದಲುತ್ತಿದೆ, ಹಿಂದೆಂದೂ ಬಾರದಂಥ ತಲೆನೋವು ಒಮ್ಮೆಲೇ ಬಂತು, ಜೊತೆಗೆ ವಾಂತಿ, ಮಂಪರು: ಇವುಗಳಲ್ಲಿ ಯಾವುದು ಕಂಡರೂ ಮೊದಲು ಗಡಿಯಾರ ನೋಡಿ. ರೋಗಿ ಕೊನೆಯ ಬಾರಿ ಸರಿಯಾಗಿದ್ದದ್ದು ಎಷ್ಟು ಹೊತ್ತಿಗೆ ಎಂಬುದನ್ನು ಒಂದು ಚೀಟಿಯಲ್ಲಿ ಬರೆಯಿರಿ. 108ಕ್ಕೆ ಫೋನ್ ಮಾಡಿ. ಆಂಬ್ಯುಲೆನ್ಸ್ ತಡವಾಗುತ್ತದೆಂದು ತಿಳಿದರೆ ಸಿಕ್ಕ ವಾಹನ ಹತ್ತಿಸಿ. ವಾಂತಿಯಿದ್ದರೆ ಒಂದು ಪಕ್ಕಕ್ಕೆ ಹೊರಳಿಸಿ ಮಲಗಿಸಿ. ಬಾಯಿಗೆ ಏನನ್ನೂ ಹಾಕಬೇಡಿ, ನೀರನ್ನೂ ಕೂಡ. ನುಂಗುವ ಶಕ್ತಿ ಹೋಗಿದ್ದರೆ ಅದು ಶ್ವಾಸಕೋಶಕ್ಕೆ ಇಳಿಯುತ್ತದೆ.

ಎರಡು ಮಾತ್ರೆಗಳ ಬಗ್ಗೆ ವಿಶೇಷ ಎಚ್ಚರ ಬೇಕು. ಹೃದಯಾಘಾತಕ್ಕೆ ಕೊಡುತ್ತಾರೆಂದು ಕೇಳಿ ಲಕ್ವಕ್ಕೂ ಆಸ್ಪಿರಿನ್ ಕೊಡುವವರಿದ್ದಾರೆ. ರಕ್ತ ಸೋರುತ್ತಿರುವವರಿಗೆ ಅದು ವಿಷಕ್ಕೆ ಸಮ. ಇನ್ನೊಂದು ಬಿಪಿ ಮಾತ್ರೆ. ಮನೆಯ ಯಂತ್ರದಲ್ಲಿ 200 ತೋರಿಸಿತೆಂದು ನಾಲಿಗೆಯಡಿ ಮಾತ್ರೆ ಇಡುವುದು ಸಹಜ ಎನಿಸುತ್ತದೆ. ಆದರೆ ರಕ್ತನಾಳ ಒಡೆದಿದೆಯೋ ಕಟ್ಟಿದೆಯೋ ಎಂಬುದು ಸಿಟಿ ಸ್ಕ್ಯಾನ್ ಆಗುವವರೆಗೆ ಎಂಥ ಅನುಭವಿ ವೈದ್ಯರಿಗೂ ಖಚಿತವಾಗಿ ಗೊತ್ತಾಗುವುದಿಲ್ಲ. ಚೀನಾದಲ್ಲಿ ಆಂಬ್ಯುಲೆನ್ಸಿನಲ್ಲೇ ಬಿಪಿ ಇಳಿಸಿ ನೋಡಿದ ದೊಡ್ಡ ಪ್ರಯೋಗದ ಫಲಿತಾಂಶ 2024ರಲ್ಲಿ ಬಂತು. ರಕ್ತ ಸೋರಿದವರಿಗೆ ಅದರಿಂದ ಅನುಕೂಲವಾಗಿತ್ತು, ನಾಳ ಕಟ್ಟಿದವರಿಗೆ ಹಾನಿಯಾಗಿತ್ತು. ಹಾಗಾಗಿ ಸ್ಕ್ಯಾನಿಗೆ ಮೊದಲು ನಾವಾಗಿ ಮಾತ್ರೆ ಕೊಡುವುದು ಬೇಡ. ಸ್ಕ್ಯಾನ್ ಆಗಿ ರಕ್ತಸ್ರಾವವೆಂದು ಗೊತ್ತಾದ ಮೇಲೆ ಒಂದು ನಿಮಿಷವೂ ತಡವಾಗಬಾರದು.

ಆಗ ಮಾಡುವ ಚಿಕಿತ್ಸೆ ನಾವು ಅಂದುಕೊಂಡಷ್ಟು ದುಬಾರಿಯದಲ್ಲ. ಬಿಪಿಯ ಮೇಲಿನ ಅಂಕಿಯನ್ನು ಒಂದು ಗಂಟೆಯೊಳಗೆ 140ರ ಕೆಳಗಿಳಿಸುವುದು, ಸಕ್ಕರೆ ಏರದಂತೆ ನೋಡಿಕೊಳ್ಳುವುದು, ಜ್ವರ ಇಳಿಸುವುದು, ರಕ್ತ ತೆಳುವಾಗಿಸುವ ಮಾತ್ರೆಯ ಪ್ರಭಾವ ತೆಗೆಯುವುದು, ಈ ನಾಲ್ಕನ್ನು ಒಟ್ಟಿಗೆ, ಬೇಗ ಮಾಡಿದರೆ ಏನಾಗುತ್ತದೆಂದು 10 ದೇಶಗಳ 121 ಆಸ್ಪತ್ರೆಗಳಲ್ಲಿ 7,036 ರೋಗಿಗಳ ಮೇಲೆ ಪರೀಕ್ಷಿಸಿದರು. ಭಾರತವೂ ಅದರಲ್ಲಿತ್ತು. 2023ರಲ್ಲಿ ಫಲಿತಾಂಶ ಹೊರಬಂದಾಗ, ಈ ಕ್ರಮ ಪಾಲಿಸಿದ ಕಡೆ ಆರು ತಿಂಗಳ ಹೊತ್ತಿಗೆ ತಮ್ಮ ಕೆಲಸ ತಾವು ಮಾಡಿಕೊಳ್ಳುವ ಸ್ಥಿತಿಗೆ ಬಂದವರು ಹೆಚ್ಚಿದ್ದರು. ಬುರುಡೆ ತೆರೆಯುವ ಆಪರೇಷನ್ ಎಲ್ಲರಿಗೂ ಬೇಕಾಗುವುದಿಲ್ಲ. ಬಿಪಿ ಇಳಿಸುವ ಇಂಜೆಕ್ಷನ್, ಗ್ಲುಕೋಮೀಟರ್, ಥರ್ಮಾಮೀಟರ್ ಮತ್ತು ಗಡಿಯಾರದ ಮೇಲೆ ಕಣ್ಣಿಟ್ಟ ನರ್ಸ್ ಎಲ್ಲರಿಗೂ ಬೇಕು.

ಮೊದಲ ದಿನವೇ ಆಸೆ ಬಿಡಬೇಡಿ ಎಂಬುದನ್ನೂ ಸೇರಿಸುತ್ತೇನೆ. ‘ಇನ್ನೇನೂ ಉಳಿದಿಲ್ಲ, ಊರಿಗೆ ಕರ್ಕೊಂಡು ಹೋಗೋಣ, ಉಸಿರು ಮನೇಲೇ ಹೋಗ್ಲಿ’ ಎಂದು ಹಿರಿಯರು ಕೂತು ತೀರ್ಮಾನಿಸುವುದನ್ನು ನಾವೆಲ್ಲ ಕಂಡಿದ್ದೇವೆ. ಆಸ್ಪತ್ರೆಯ ಖರ್ಚಿನ ಹೆದರಿಕೆಯೂ ಅದರ ಹಿಂದೆ ಇರುತ್ತದೆ. ಮೊದಲ ದಿನದ ಸ್ಥಿತಿ ನೋಡಿ ಮುಂದಿನದನ್ನು ಹೇಳಲಾಗದು, ಕನಿಷ್ಠ ಎರಡನೇ ದಿನ ಪೂರ್ತಿ ಕಳೆಯುವವರೆಗೂ ಚಿಕಿತ್ಸೆ ಕೈಬಿಡುವ ನಿರ್ಧಾರ ಬೇಡ ಎಂದು ಅಮೆರಿಕದ ಹೃದಯ ಸಂಘ ತನ್ನ ಮಾರ್ಗಸೂಚಿಯಲ್ಲೇ ಹೇಳಿದೆ. ಖರ್ಚಿನ ನೆರವಿಗೆ ಬೇಕಾಗುವ ಬಿಪಿಎಲ್ ಕಾರ್ಡು, ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಕಾರ್ಡು, ಆಧಾರ್ ಇವು ಮಾತ್ರೆಗಳ ಕವರಿನಲ್ಲೇ ಇದ್ದರೆ ಅಪರಾತ್ರಿ ಪರದಾಡುವುದು ತಪ್ಪುತ್ತದೆ.

ಇಷ್ಟೆಲ್ಲ ಓಡಾಟವೇ ಬೇಡವಾಗುವಂತೆ ಮಾಡುವ ದಾರಿಯೂ ಇದೆ: ಬಿಪಿಯನ್ನು ಹಿಡಿತದಲ್ಲಿಡುವುದು. ಅಮೆರಿಕದ ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ ಅವರ ಬಿಪಿ 1944ರ ಮಾರ್ಚ್‌ನಲ್ಲಿ 186/108 ಇತ್ತು. 1945ರ ಏಪ್ರಿಲ್ 12ರಂದು ತಲೆಯ ಹಿಂಭಾಗದಲ್ಲಿ ಭಯಂಕರ ನೋವೆಂದು ಕುಸಿದರು. ಆಗ ಅಳೆದ ಬಿಪಿ 300/190. ಅಂದೇ ಮೆದುಳಿನ ರಕ್ತಸ್ರಾವದಿಂದ ತೀರಿಕೊಂಡರು. ಮಹಾಯುದ್ಧ ನಡೆಸುತ್ತಿದ್ದ ಮನುಷ್ಯನಿಗೆ ಬಿಪಿ ಇಳಿಸುವ ಒಂದು ಒಳ್ಳೆಯ ಮಾತ್ರೆ ಆಗ ಜಗತ್ತಿನಲ್ಲೇ ಇರಲಿಲ್ಲ. ಇಂದು ಆಮ್ಲೋಡಿಪಿನ್, ಟೆಲ್ಮಿಸಾರ್ಟನ್ ನಮ್ಮ ಸರ್ಕಾರಿ ಆಸ್ಪತ್ರೆಗಳ ಎನ್‌ಸಿಡಿ (ಅಸಾಂಕ್ರಾಮಿಕ ರೋಗಗಳ) ಕ್ಲಿನಿಕ್ಕಿನಲ್ಲಿ ಬಿಟ್ಟಿ ಸಿಗುತ್ತವೆ. ಮನೆ ಬಾಗಿಲಿಗೇ ಬಂದು ಬಿಪಿ, ಶುಗರ್ ನೋಡುವ ‘ಗೃಹ ಆರೋಗ್ಯ’ ಯೋಜನೆಯನ್ನು ರಾಜ್ಯ ಸರ್ಕಾರ 2024ರಲ್ಲಿ ಕೋಲಾರದಲ್ಲಿ ಶುರುಮಾಡಿತು. ಆಶಾ ಕಾರ್ಯಕರ್ತೆ ಬಂದಾಗ ‘ನಂಗೇನಾಗಿದೆ, ಗಟ್ಟಿಮುಟ್ಟಾಗಿದೀನಿ’ ಎಂದು ತೋಟದ ದಾರಿ ಹಿಡಿಯಬೇಡಿ. ಬಿಪಿ ಇರುವ ಹೆಚ್ಚುಕಡಿಮೆ ಅರ್ಧದಷ್ಟು ಜನರಿಗೆ ಅದು ಇರುವುದೇ ಗೊತ್ತಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ಗೊತ್ತಿದ್ದವರ ಕಥೆ ಬೇರೆ. ‘ನಾರ್ಮಲ್ ಬಂತು’ ಎಂದು ಮಾತ್ರೆ ಬಿಡುತ್ತಾರೆ. ನಾರ್ಮಲ್ ಬಂದದ್ದು ಆ ಮಾತ್ರೆಯಿಂದ. ಮದುವೆ ಮನೆಗೆ ಹೋದಾಗ ಎರಡು ದಿನ, ಸ್ಟಾಕ್ ಇಲ್ಲವೆಂದು ಒಂದು ವಾರ, ಹೀಗೆ ಬಿಟ್ಟು ಬಿಟ್ಟು ತೆಗೆದುಕೊಂಡರೆ ನಾಳದ ಮೇಲಿನ ಒತ್ತಡ ಏರಿಳಿಯುತ್ತಲೇ ಇರುತ್ತದೆ. ಒಮ್ಮೆ ಲಕ್ವವಾಗಿ ಚೇತರಿಸಿಕೊಂಡವರಂತೂ ಈ ವಿಷಯದಲ್ಲಿ ರಾಜಿಯಾಗಲೇಬಾರದು. ಅಂಥ 6,105 ಜನರಿಗೆ ಬಿಪಿ ಔಷಧಿ ಕೊಟ್ಟು ನೋಡಿದ, 2001ರಲ್ಲಿ ಪ್ರಕಟವಾದ ‘ಪ್ರೋಗ್ರೆಸ್’ ಅಧ್ಯಯನದಲ್ಲಿ ಔಷಧಿ ತೆಗೆದುಕೊಂಡವರ ಗುಂಪಿನಲ್ಲಿ ಮೆದುಳಿನ ರಕ್ತಸ್ರಾವ ಅರ್ಧಕ್ಕೆ ಇಳಿದಿತ್ತು. ಉಪ್ಪು ದಿನಕ್ಕೆ 5 ಗ್ರಾಂ ದಾಟಬಾರದು; ಊಟಕ್ಕೆ ಮಿಡಿ ಉಪ್ಪಿನಕಾಯಿ, ಹಪ್ಪಳ, ಸಂಡಿಗೆ ಎಲ್ಲವೂ ಬೇಕೆನ್ನುವ ನಮ್ಮ ಮನೆಗಳಲ್ಲಿ ಇದು ಕಷ್ಟ, ಆದರೂ ಒಂದೊಂದಾಗಿ ಕಡಿಮೆ ಮಾಡಬಹುದು. ಎಲೆಅಡಿಕೆಯ ಜೊತೆಗಿನ ಹೊಗೆಸೊಪ್ಪು ಮತ್ತು ಕುಡಿತ ಬಿಡದೆ ಬಿಪಿ ಹಿಡಿತಕ್ಕೆ ಬರುವುದು ಕಷ್ಟ.

ಈಗ ನಮ್ಮನ್ನು ಆಳುವವರಿಗೆ ಕೇಳಬೇಕಾದ್ದು. ಎದೆನೋವು ಬಂದವರಿಗೆ ತಾಲ್ಲೂಕು ಆಸ್ಪತ್ರೆಯಲ್ಲೇ ಇಸಿಜಿ ಮಾಡಿ, ದೂರದ ಹೃದಯ ತಜ್ಞರಿಗೆ ಕಳಿಸಿ, ಅಲ್ಲಿಯೇ ದುಬಾರಿ ಇಂಜೆಕ್ಷನ್ ಉಚಿತವಾಗಿ ಕೊಡುವ ‘ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ’ ಯೋಜನೆ ನಮ್ಮ ರಾಜ್ಯದಲ್ಲಿದೆ. ಬೆಂಗಳೂರಿನ ನಿಮ್ಹಾನ್ಸ್ ಆಸ್ಪತ್ರೆಯ ಜೊತೆಗೂಡಿ 2022ರಲ್ಲಿ ಶುರುವಾದ ‘ಕರ್ನಾಟಕ ಮೆದುಳು ಆರೋಗ್ಯ’ ಕಾರ್ಯಕ್ರಮವೂ ಇದೆ. ಇವೆರಡನ್ನೂ ಜೋಡಿಸಿ, ತಾಲ್ಲೂಕು ಆಸ್ಪತ್ರೆಯ ವೈದ್ಯರು ಲಕ್ವದ ರೋಗಿ ಬಂದ ಕೂಡಲೇ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೋ ನಿಮ್ಹಾನ್ಸಿಗೋ ಸ್ಕ್ಯಾನ್ ಚಿತ್ರ ಕಳಿಸಿ ಸಲಹೆ ಪಡೆಯುವ ವ್ಯವಸ್ಥೆ ನಮಗೆ ಬೇಕು. ಎರಡೂ ತಾಲ್ಲೂಕು ಆಸ್ಪತ್ರೆಗಳಲ್ಲಿ ಹಗಲು ರಾತ್ರಿ ಸಿಟಿ ಸ್ಕ್ಯಾನ್ ನಡೆಯಬೇಕು, ಐಎನ್‌ಆರ್ ಪರೀಕ್ಷೆಯಾಗಬೇಕು, ಬಿಪಿ ಇಳಿಸುವ ಇಂಜೆಕ್ಷನ್ ಕಪಾಟಿನಲ್ಲಿರಬೇಕು. ಎನ್‌ಸಿಡಿ ಕ್ಲಿನಿಕ್ಕಿನಲ್ಲಿ ಮಾತ್ರೆ ಒಂದು ದಿನವೂ ಖಾಲಿಯಾಗಬಾರದು. ರೋಗಿಯನ್ನು ಮುಂದಕ್ಕೆ ಕಳಿಸುವಾಗ ‘ಶಿವಮೊಗ್ಗಕ್ಕೆ ಹೋಗಿ’ ಎಂದು ಚೀಟಿ ಕೊಟ್ಟರೆ ಸಾಲದು. ಅಲ್ಲಿಗೆ ಮೊದಲೇ ಫೋನ್ ಹೋಗಬೇಕು, ಹಾಸಿಗೆ ಸಿದ್ಧವಿರಬೇಕು.

ಬಳ್ಳಿಗಾವಿಯ ಕೋಡಿಯ ಮಠದ 1162ರ ಶಾಸನ ಆ ಮಠವನ್ನು ಅನಾಥರಿಗೆ, ಕುಂಟರಿಗೆ, ಕುರುಡರಿಗೆ ಅನ್ನ ಕೊಡುವ, ರೋಗಿಗಳಿಗೆ ಔಷಧ ಕೊಡುವ ಸ್ಥಳವೆಂದು ಬಣ್ಣಿಸುತ್ತದೆ. ಶಿಕಾರಿಪುರ ತಾಲ್ಲೂಕಿನ ನೆಲದಲ್ಲೇ ಇರುವ ಕಲ್ಲು ಅದು. ಇಂದಿನ ಮಠ, ಮಸೀದಿ, ಚರ್ಚು, ಹಾಲಿನ ಡೇರಿ, ಸೊಸೈಟಿ, ಸ್ವಸಹಾಯ ಸಂಘಗಳವರು ತಿಂಗಳಿಗೊಂದು ದಿನ ಬಿಪಿ ಯಂತ್ರ ಇಟ್ಟುಕೊಂಡು ಕೂತರೆ ಆ ಕೆಲಸ ಮುಂದುವರಿದಂತೆ. ಕಾಡಂಚಿನ ನಮ್ಮ ಹಳ್ಳಿಗಳಲ್ಲಿ ಸತ್ತ ಮಂಗ ಕಂಡರೆ ಆರೋಗ್ಯ ಇಲಾಖೆಗೆ ತಿಳಿಸಬೇಕೆಂಬುದು ಮಕ್ಕಳಿಗೂ ಗೊತ್ತು. ಬಾಯಿ ಸೊಟ್ಟಗಾದವರನ್ನು ಕಂಡರೆ ಏನು ಮಾಡಬೇಕೆಂಬುದನ್ನೂ ಅವರಿಗೆ ಶಾಲೆಗಳಲ್ಲಿ ಹೇಳಿಕೊಡಬಹುದು.

ಮುಂದಿನ ಗ್ರಾಮಸಭೆಯಲ್ಲಿ ನೀವು ಒಂದು ಪ್ರಶ್ನೆ ಎತ್ತಬೇಕೆಂದು ಕೈಮುಗಿದು ಕೇಳುತ್ತೇನೆ: ರಾತ್ರಿ ಹನ್ನೊಂದು ಗಂಟೆಗೆ ನಮ್ಮೂರಲ್ಲಿ ಒಬ್ಬರಿಗೆ ಲಕ್ವ ಹೊಡೆದರೆ ಅತಿ ಹತ್ತಿರದಲ್ಲಿ ಸಿಟಿ ಸ್ಕ್ಯಾನ್ ಎಲ್ಲಿ ಆಗುತ್ತದೆ, ಅಲ್ಲಿನ ಫೋನ್ ನಂಬರ್ ಏನು, ಕರೆದೊಯ್ಯುವ ವಾಹನ ಯಾರದ್ದು? ವೈದ್ಯಾಧಿಕಾರಿಗಳು ಕೊಡುವ ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ. ಅದೇ ಉತ್ತರವನ್ನು ಪಂಚಾಯ್ತಿ ಕಚೇರಿ, ಡೇರಿ, ಬಸ್ ನಿಲ್ದಾಣದ ಗೋಡೆಗಳ ಮೇಲೆ ದೊಡ್ಡ ಅಕ್ಷರದಲ್ಲಿ ಬರೆಸಿ, ನಂಬರ್ ಬದಲಾದ ದಿನವೇ ತಿದ್ದಿಸಿ.